ನಾಲ್ಕು ಸಾಲಿನ ಹಲಗೆ

ನಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಅದರ ಮೇಲರ್ಧ ನಿವಾಸಿಗಳ ಸಂಘದ್ದು, ಕೆಳಗಿನರ್ಧ ನನ್ನದು. ಮೇಲೆ ನೀರಿನ ಟ್ಯಾಂಕರು ಎಷ್ಟು ಗಂಟೆಗೆ ಬರುತ್ತದೆ, ಯಾವ ಮನೆಯವರು ತಿಂಗಳ ಹಣ ಬಾಕಿ ಉಳಿಸಿಕೊಂಡಿದ್ದಾರೆ, ಜನರೇಟರು ಯಾವಾಗ ರಿಪೇರಿಯಾಗುತ್ತದೆ ಎಂಬಂಥ ಲೌಕಿಕ ವಿಚಾರಗಳು. ಕೆಳಗೆ ದಿನಕ್ಕೊಂದು ಸಂಗತಿ. ಒಂದು ದಿನ ಭಾಷೆಯದು, ಒಂದು ದಿನ ಇತಿಹಾಸದ್ದು, ಮತ್ತೊಂದು ದಿನ ಯಾವ ಗುಂಪಿಗೂ ಸೇರದ ಬಿಡಿ ವಿಚಾರ. ಇದನ್ನು ಮಾಡಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇಷ್ಟು ಸಿಕ್ಕರೆ ಅದನ್ನು ಸರ್ವಾನುಮತವೆಂದೇ ತಿಳಿಯಬೇಕು.

ನನ್ನ ಪಾಲಿನ ಜಾಗದಲ್ಲಿ ನಾಲ್ಕು ಸಾಲು ಹಿಡಿಸುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಐದು ಬರೆಯಬಹುದು, ಆದರೆ ಎರಡನೇ ಮಹಡಿಯ ಅಜ್ಜಿಗೆ ಕಾಣುವುದಿಲ್ಲ. ಇನ್ನೊಂದು ಕಟ್ಟಳೆ ಲಿಫ್ಟಿನದು. ಗುಂಡಿ ಒತ್ತಿದ ಮೇಲೆ ಅದು ಮೇಲಿನಿಂದ ಇಳಿದು ಬರುವಷ್ಟರಲ್ಲಿ ಓದಿ ಮುಗಿಯಬೇಕು. ಒಳಗೆ ಹೋದವರಿಗೆ ಬಾಗಿಲು ಮುಚ್ಚಿದ ಮೇಲೂ ಅದು ತಲೆಯಲ್ಲಿ ಸುತ್ತುತ್ತಿದ್ದರೆ ಅಂದಿನ ಬರಹ ಗೆದ್ದಿತು. ಬಾಗಿಲು ತೆರೆದರೂ ಒಳಗೆ ಹೋಗದೆ ಹಲಗೆಯ ಮುಂದೆಯೇ ನಿಂತರೆ ಬಹಳವೇ ಗೆದ್ದಿತು, ಹಿಂದೆ ನಿಂತವರು ಗೊಣಗಿದರೂ ಸರಿ.

ಈ ಚಟ ನನಗೆ ಹತ್ತಿದ್ದು ‘ಕಸ್ತೂರಿ’ಯಿಂದ. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ಆ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ನಮ್ಮ ಮನೆಯ ಅಟ್ಟದ ಮೇಲೆ ದಾರ ಕಟ್ಟಿಸಿಕೊಂಡು ಬಿದ್ದಿರುತ್ತಿದ್ದವು. ದೊಡ್ಡವರು ಅದರ ಲೇಖನ ಓದುತ್ತಿದ್ದರು. ನಾನು ಲೇಖನ ಮುಗಿದ ಮೇಲೆ ಪುಟದ ಅಡಿಯಲ್ಲಿ ಉಳಿದ ಜಾಗಕ್ಕೆ ತುಂಬಿದ ಚೂರುಗಳನ್ನು ಮಾತ್ರ ಓದುತ್ತಿದ್ದೆ. ಪಾ.ವೆಂ. ಆಚಾರ್ಯರಂಥ ಸಂಪಾದಕರು ಕೂತ ಪತ್ರಿಕೆಯಲ್ಲಿ ಆ ಮೂಲೆಗಳೂ ಬಡವಾಗಿರಲಿಲ್ಲ. ಅವರ ‘ಪದಾರ್ಥ ಚಿಂತಾಮಣಿ’ಯ ರುಚಿ ಹತ್ತಿದ್ದು ಆಮೇಲೆ. ಅದೇ ಅಟ್ಟದಲ್ಲಿ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಒಂದು ಸಂಪುಟವೂ ಇತ್ತು, ಉಳಿದೆರಡು ಯಾರ ಮನೆ ಸೇರಿದ್ದವೋ. ಒಂದೇ ಸಂಪುಟ ಸಿಕ್ಕಿದ್ದರಿಂದ ನನ್ನ ಪ್ರಪಂಚಜ್ಞಾನ ಬಹಳ ಕಾಲ ಮೂರನೇ ಒಂದು ಭಾಗ ಮಾತ್ರ ಇತ್ತು. ಇನ್ನು ಅಂಗಡಿಯಿಂದ ಬಂದ ಪೊಟ್ಟಣದ ಕಾಗದ. ಕಡಲೆಬೀಜ ತಿಂದು ಮುಗಿಸಿ, ಕಾಗದ ಬಿಡಿಸಿ, ಅರ್ಧಕ್ಕೆ ಹರಿದುಹೋದ ಸುದ್ದಿಯ ಇನ್ನರ್ಧವನ್ನು ಊಹಿಸಿಕೊಳ್ಳುವ ಸುಖ ಈಗಿನ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲಿ ಬರಬೇಕು?

ಇದೇನು ನಮ್ಮ ಕಾಲದ ಹೊಸ ಹುಚ್ಚಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಲ್ಲಿ ಊರ ವರ್ತಮಾನದ ಜೊತೆಗೇ ಕಥೆ, ಬುದ್ಧಿಮಾತುಗಳೂ ಇದ್ದವು. ಕನ್ನಡದ ಮೊದಲ ಪತ್ರಿಕೆಗೇ ಗೊತ್ತಿತ್ತು, ಬರೀ ಸುದ್ದಿ ಕೊಟ್ಟರೆ ಜನ ಓದುವುದಿಲ್ಲ ಎಂದು. ಇನ್ನೂ ಹಿಂದಕ್ಕೆ ಹೋದರೆ ನನ್ನ ಕಸುಬಿನ ಮೂಲಪುರುಷ ಸಿಗುತ್ತಾನೆ. ಅವನು ಎರಡನೆಯ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದವನಲ್ಲ, ಅವನ ನಂತರದವನು, ಕಲ್ಯಾಣದ ಚಾಳುಕ್ಯ ಜಯಸಿಂಹನ ಕಾಲದವನು. ಸುಮಾರು 1025ರಲ್ಲಿ ಅವನು ಬರೆದ ‘ಲೋಕೋಪಕಾರ’ದಲ್ಲಿ ಏನುಂಟು ಏನಿಲ್ಲ! ಮಳೆ ಬರುವ ಲಕ್ಷಣ, ಬಾವಿ ತೋಡಲು ನೀರಿನ ಸೆಲೆ ಹುಡುಕುವ ಬಗೆ, ಮನೆ ಕಟ್ಟುವ ಕ್ರಮ, ಗಿಡಕ್ಕೆ ರೋಗ ಬಂದರೆ ಮದ್ದು, ದನಕ್ಕೆ ಬಂದರೆ ಮದ್ದು, ಸುಗಂಧ ಕೂಡಿಸುವುದು, ಅಡುಗೆ, ಶಕುನ. ಉಳಿದ ಕವಿಗಳು ಯುದ್ಧವನ್ನೂ ವನವಿಹಾರವನ್ನೂ ವರ್ಣಿಸುತ್ತಾ ಕೂತಿದ್ದ ಕಾಲದಲ್ಲಿ ಇವನು, ಪದ್ಯದಲ್ಲೇ, ಜನಕ್ಕೆ ಬೇಕಾದ ವಿಷಯ ಬರೆದ. ಸಾಹಿತ್ಯ ಚರಿತ್ರೆಯಲ್ಲಿ ಅವನಿಗೆ ದೊಡ್ಡ ಪೀಠವಿಲ್ಲ. ನಮ್ಮ ಹಲಗೆಯಲ್ಲಿ ಇದೆ.

ಅವನ ಇಡ್ಲಿಯನ್ನು ಒಂದು ಭಾನುವಾರ ಬೆಳಗ್ಗೆ ಬರೆದಿದ್ದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ನುಣ್ಣಗೆ ರುಬ್ಬಬೇಕು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಕಲಸಬೇಕು. ನಾಲ್ಕು ಸಾಲಿಗೆ ಸರಿಯಾಗಿ ಕೂತಿತು. ಎಂಟು ಗಂಟೆಯೊಳಗೆ ಎರಡನೇ ಮಹಡಿಯ ಅಜ್ಜಿ ಕೆಳಗಿಳಿದು ಬಂದು, “ಅಕ್ಕಿ ಬರೆಯೋದು ಬಿಟ್ಟಿದ್ದೀರಿ” ಎಂದರು. ಬಿಟ್ಟಿಲ್ಲ, ಅವನ ಇಡ್ಲಿಯಲ್ಲಿ ಅಕ್ಕಿಯೇ ಇಲ್ಲ ಎಂದೆ. “ಅಕ್ಕಿ ಹಾಕದಿದ್ದರೆ ಅದನ್ನ ಇಡ್ಲಿ ಅಂತ ಯಾರು ಅಂತಾರೆ?” ಅವನೇ ಅಂದಿದ್ದಾನೆ, ಅವನಿಗಿಂತ ನೂರು ವರ್ಷ ಹಿಂದಿನ ‘ವಡ್ಡಾರಾಧನೆ’ಯಲ್ಲೂ ಇಡ್ಡಲಿಗೆಯ ಹೆಸರಿದೆ ಎಂದೆ. ಅಜ್ಜಿ ಒಪ್ಪಿದಂತೆ ಕಾಣಲಿಲ್ಲ. ಆದರೆ ಮುಂದಿನ ವಾರ ಒಂದು ತಟ್ಟೆ ನಮ್ಮ ಮನೆಗೆ ಬಂತು. ಬಣ್ಣ ಸ್ವಲ್ಪ ಮಂಕು, ಮೈ ಗಟ್ಟಿ, ಆದರೆ ಇಂಗಿನ ಪರಿಮಳ ಅಡುಗೆಮನೆಯಿಂದ ಹಜಾರದವರೆಗೆ ಹಬ್ಬಿತ್ತು. ಉಗಿಯಲ್ಲಿ ಬೇಯಿಸಿದ ವಡೆ ಅನ್ನಬಹುದಿತ್ತು. ನನ್ನಾಕೆ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಸಾವಿರ ವರ್ಷದಲ್ಲಿ ನಾವು ಮುಂದುವರಿದಿದ್ದೇವೆ ಅನ್ನೋದಕ್ಕೆ ಇದು ಸಾಕ್ಷಿ” ಎಂದಳು. ಚಾವುಂಡರಾಯನ ಮೇಲಿನ ಗೌರವದಿಂದ ನಾನು ಎರಡು ತಿಂದೆ. ಚಟ್ನಿ ಅವನು ಹೇಳಿರಲಿಲ್ಲವಾದರೂ ಹಾಕಿಕೊಂಡೆ.

ಸಂಗತಿ ಸಿಕ್ಕಿದರೆ ಸಾಲದು, ಅದನ್ನು ಕೆತ್ತಬೇಕು. ಈ ಕಸುಬಿನ ಸುಖವೆಲ್ಲ ಇರುವುದು ಅಲ್ಲೇ. ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಇದನ್ನು ಹೀಗೇ ಬರೆದರೆ ಅದು ಪರೀಕ್ಷೆಗೆ ಕೂರುವವರ ಸೊತ್ತು. ಓದಿದವರು “ಓಹೋ” ಅನ್ನುತ್ತಾರೆ, ಲಿಫ್ಟು ಬಂತು, ಹೋದರು. ಅದರ ಹಿಂದಕ್ಕೆ ಸ್ವಲ್ಪ ಕೈ ಹಾಕಿದರೆ ಶಿವನಸಮುದ್ರ ಸಿಗುತ್ತದೆ. ಅಲ್ಲಿ ಕಾವೇರಿಯಿಂದ ವಿದ್ಯುತ್ತು ಹುಟ್ಟಿದ್ದು 1902ರಲ್ಲಿ. ಹುಟ್ಟಿದ ವಿದ್ಯುತ್ತು ನೇರವಾಗಿ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಲಗೆಯ ಮೇಲೆ ನಾನು ಬರೆದದ್ದು ಇಷ್ಟು: “ಶಿವನಸಮುದ್ರದ ಕರೆಂಟು 1902ರಲ್ಲಿ ಬೆಂಗಳೂರನ್ನು ಬಿಟ್ಟು ಕೋಲಾರದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿ ಮೂರು ವರ್ಷ ಸೀಮೆಎಣ್ಣೆ ದೀಪದಲ್ಲೇ ಕಾಯಿತು.” ಅಂದು ಸಂಜೆ ನಮ್ಮ ಜನರೇಟರು ಕೈಕೊಟ್ಟಿತ್ತು. ಕತ್ತಲಲ್ಲಿ ಮೆಟ್ಟಿಲು ಹತ್ತುತ್ತಿದ್ದ ಯಾರೋ, “ಮೂರು ವರ್ಷ ಕಾಯಬೇಕೇನೋ” ಅಂದದ್ದು ಕೇಳಿಸಿತು. ತಾರೀಖನ್ನು ಯಾರೂ ನೆನಪಿಡಲಿಲ್ಲ. ಕಾದದ್ದನ್ನು ಎಲ್ಲರೂ ನೆನಪಿಟ್ಟರು. ಅಂಕಿಯ ಜೊತೆಗೆ ಒಬ್ಬ ಮನುಷ್ಯನೋ ಒಂದು ಹಟವೋ ಒಂದು ಅನ್ಯಾಯವೋ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ನಾನು ಸೀಮೆಸುಣ್ಣ ಮುಟ್ಟುವುದಿಲ್ಲ.

ಹಾಗಾಗಿ ‘ಜಗತ್ತಿನಲ್ಲೇ ಅತಿ ಉದ್ದ’, ‘ಏಷ್ಯಾದಲ್ಲೇ ಅತಿ ದೊಡ್ಡ’ ಎಂಬ ಜಾತಿಯ ವಿಷಯಗಳನ್ನು ಆದಷ್ಟು ದೂರ ಇಡುತ್ತೇನೆ. ಅವು ಬೇಗ ಹಳಸುತ್ತವೆ. ನಾನು ಶಾಲೆಯಲ್ಲಿ ಉರುಹೊಡೆದದ್ದು ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಖರಗ್‌ಪುರದ್ದು ಎಂದು. 2013ರಲ್ಲಿ ಅದು ಗೋರಖ್‌ಪುರದ ಪಾಲಾಯಿತು. 2023ರಲ್ಲಿ ನಮ್ಮ ಹುಬ್ಬಳ್ಳಿ ಒಂದೂವರೆ ಕಿಲೋಮೀಟರು ದಾಟಿಸಿ ಅದನ್ನು ಕಿತ್ತುಕೊಂಡಿತು. ಹೆಮ್ಮೆಯ ವಿಷಯವೇ, ಆದರೆ ಹುಬ್ಬಳ್ಳಿಯಲ್ಲಿ ಕೊನೆಯ ಬೋಗಿಯಿಂದ ಇಳಿದು ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಕಡೆಗೆ ನಡೆದವರಿಗೆ ಹೆಮ್ಮೆಗಿಂತ ಮೊದಲು ಮೊಣಕಾಲು ನೆನಪಾಗುತ್ತದೆ. ‘ಇಂದು ಹುಟ್ಟಿದವರು, ಇಂದು ತೀರಿಕೊಂಡವರು’ ಎಂಬ ಪಟ್ಟಿಯೂ ನನಗೆ ಒಗ್ಗದು. ಹುಟ್ಟುವುದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ.

ಹೊತ್ತು ನೋಡಿ ಬರೆಯುವುದು ಮಾತ್ರ ಬೇಕು. ಮತದಾನದ ದಿನ ಎಲ್ಲರೂ ಎಡಗೈ ಬೆರಳು ನೋಡಿಕೊಳ್ಳುತ್ತಾ ಒಳಗೆ ಬರುವಾಗ, ಆ ಶಾಯಿ ಮೈಸೂರಿನದು ಎಂಬ ಸಾಲಿಗೆ ಬರುವ ಕಳೆ ಬೇರೆ ದಿನ ಬಾರದು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರುಮಾಡಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯದು ಅದು. 1962ರ ಚುನಾವಣೆಯಿಂದ ಅದನ್ನು ದೇಶದ ಬೆರಳಿಗೆಲ್ಲ ಬಳಿಯುತ್ತಾ ಬಂದಿದ್ದಾರೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮಕ್ಕೆ ಹತ್ತಿ ಬೆಳಕಿಗೆ ಕಪ್ಪಾಗುತ್ತದೆ, ಸೋಪು ಹಾಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಹಾಗೆಯೇ ರೇಡಿಯೋ ಕೇಳುತ್ತಾ ಇಸ್ತ್ರಿ ಮಾಡುವವನು ನಮ್ಮ ಗೇಟಿನ ಬಳಿ ಗಾಡಿ ಹಚ್ಚಿದ ದಿನ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದದ್ದನ್ನೂ, ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ಇಡೀ ದೇಶದ್ದಾದದ್ದನ್ನೂ ಬರೆದೆ. ಆತ ಅದನ್ನು ಓದಿ, ಏನೂ ಹೇಳದೆ, ರೇಡಿಯೋದ ಧ್ವನಿಯನ್ನು ಒಂದು ಸುತ್ತು ಜೋರು ಮಾಡಿದ. ಅದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬಂದದ್ದಿಲ್ಲ.

ಇನ್ನೊಂದು ಕೆಲಸ ಜರಡಿ ಹಿಡಿಯುವುದು. ಮೂರನೇ ಮಹಡಿಯ ಮಿತ್ರರೊಬ್ಬರು ಬೆಳಗ್ಗೆ ಐದಕ್ಕೇ ಎದ್ದು ವಾಟ್ಸಾಪಿನಲ್ಲಿ ನನಗೆ ಸಾಮಗ್ರಿ ಒದಗಿಸುತ್ತಾರೆ. ಅದರಲ್ಲಿ ಯುನೆಸ್ಕೋ ಸಂಸ್ಥೆ ದಿನಕ್ಕೊಂದು ಪ್ರಶಸ್ತಿಯನ್ನು ನಮಗೆ ಕೊಡುತ್ತಲೇ ಇರುತ್ತದೆ. ಅವರ ಉತ್ಸಾಹಕ್ಕೆ ನಾನು ಅಡ್ಡಬರುವುದಿಲ್ಲ. ಆದರೆ ಹಲಗೆಗೆ ಏರಬೇಕಾದರೆ ಒಂದು ಪುಸ್ತಕವೋ ಒಂದು ಕಲ್ಲೋ ಅದರ ಬೆನ್ನಿಗೆ ಇರಬೇಕು. ಅವರು ಕಳಿಸಿದ್ದರಲ್ಲಿ ನನಗೆ ಬಹಳ ಇಷ್ಟವಾದ ಕಥೆ ಬೆಂಗಳೂರಿನದು. ಹೊಯ್ಸಳರ ಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ, ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಚೆಂದದ ಕಥೆ. ಮುದುಕಿಯೂ ಇದ್ದಾಳೆ, ಹಸಿವೂ ಇದೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಮಾತು ಬರುತ್ತದೆ. ಅದು ಗಂಗರ ಕಾಲದ್ದು, ಸುಮಾರು 890ರದ್ದು. ಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನಕ್ಕೂ ಮೇಲೆ ಇದೆ. ಎರಡನ್ನೂ ಅಕ್ಕಪಕ್ಕ ಬರೆದು ಬಿಟ್ಟೆ, ತೀರ್ಪು ಕೊಡಲಿಲ್ಲ. ಮಿತ್ರರು ಅದನ್ನೋದಿ ಎರಡು ದಿನ ನನಗೆ ಏನೂ ಕಳಿಸಲಿಲ್ಲ. ಮೂರನೇ ದಿನ ಬೇಗೂರಿಗೆ ಹೋಗಿ ತೆಗೆದ ಫೋಟೋಗಳು ಬಂದವು, ಮೊದಲನೆಯದರಲ್ಲಿ ಅವರೇ ಕಲ್ಲಿಗೆ ಅಡ್ಡ ನಿಂತಿದ್ದರು.

ಬೆಂಗಳೂರಿನಲ್ಲಿ ಇಂಥ ಕಲ್ಲುಗಳು ಇನ್ನೂ ಸಿಗುತ್ತಲೇ ಇವೆ ಎಂಬುದು ಬಹಳ ಜನಕ್ಕೆ ತಿಳಿಯದು. ಹೆಬ್ಬಾಳದ ಕಿತ್ತಯ್ಯನ ಕಲ್ಲು, ಸುಮಾರು 750ರದ್ದು, ಮೇಲೆ ಬಂದದ್ದು 2018ರಲ್ಲಿ ನೆಲ ಅಗೆಯುವಾಗ. ಈ ಊರಿನಲ್ಲಿ ರಸ್ತೆ ಅಗೆಯುವುದನ್ನು ಶಪಿಸದವರಿಲ್ಲ. ನಾನೂ ಶಪಿಸುತ್ತೇನೆ, ಆದರೆ ಗುಂಡಿಯೊಳಕ್ಕೆ ಒಮ್ಮೆ ಇಣುಕಿ ನೋಡಿಯೇ ಮುಂದೆ ಹೋಗುತ್ತೇನೆ.

ತೀರ್ಮಾನವಾಗದ ಸಂಗತಿಗಳೇ ನನಗೆ ಅತಿ ಪ್ರಿಯ, ನಾಲ್ಕು ಸಾಲಿನಲ್ಲಿ ಅತಿ ಕಷ್ಟವೂ ಅವೇ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ಗುಡ್ಡೆಗಳಡಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಕರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಬಿಡಿಸಿಕೊಂಡು ಹೋಗಲು ಬರುತ್ತಾನೆ, ಅಲ್ಲಿನ ರಾಜನಿಗೆ ಕುಡಿಸಿ ಮತ್ತೇರಿಸುತ್ತಾರೆ. ರಾಜನ ಕಡೆಯವರು ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಮೊದಲು ಹೇಳಿದವರು ಜರ್ಮನಿಯ ಶಾಸನತಜ್ಞ ಹುಲ್ಟ್ಶ್. ಆಮೇಲೆ ಮೈಸೂರಿನ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಕನ್ನಡಕ್ಕೆ ಹೊಂದಿಸಿ ನೋಡಿದರು. ಬೇರೆ ಕೆಲವು ವಿದ್ವಾಂಸರು ಒಪ್ಪಲಿಲ್ಲ. ಅದು ಯಾವ ಭಾಷೆಯೂ ಅಲ್ಲ, ನಗಿಸಲಿಕ್ಕೆ ಹುಟ್ಟಿಸಿದ ಗದ್ದಲ ಎಂದವರೂ ಇದ್ದಾರೆ. ನಮ್ಮ ಭಾಷೆಯೇ ಇರಲಿ ಎಂಬ ಆಸೆ ನನಗೂ ಉಂಟು. ಆಸೆಗೆ ಹಲಗೆಯಲ್ಲಿ ಜಾಗ ಕೊಡಲಾಗುವುದಿಲ್ಲವಲ್ಲ. “ಕನ್ನಡವೆಂದು ಕೆಲವರು, ಬರೀ ಗದ್ದಲವೆಂದು ಕೆಲವರು” ಎಂದು ಮುಗಿಸಿದೆ.

ಈ ನಾಟಕದಲ್ಲಿ ಇನ್ನೊಂದು ಪೇಚು. ಅದರ ವಿದೂಷಕನ ಮುಖ್ಯ ಆಯುಧ ಹೂಸು. ವೈರಿಗಳನ್ನು ಹೆದರಿಸುವುದೂ ಅದರಿಂದಲೇ. ಇಷ್ಟು ರಸವತ್ತಾದ ವಿವರವನ್ನು ಬಿಡುವುದು ಹೇಗೆ, ಬರೆಯುವುದು ಹೇಗೆ? ‘ಅಪಾನವಾಯು’ ಎಂದು ಬರೆದು ಪಂಡಿತನಂತೆ ಪಾರಾದೆ. ಸಂಜೆ ಶಾಲೆಯಿಂದ ಬಂದ ಮಕ್ಕಳ ಗುಂಪು ಅದರ ಅರ್ಥ ಕೇಳಿತು. ಹೇಳಿದೆ. ಆ ವಾರವಿಡೀ ಲಿಫ್ಟಿನೊಳಗಿನಿಂದ ಕೇಳಿಬರುತ್ತಿದ್ದ ನಗುವನ್ನೂ, ಅದಕ್ಕಿಂತ ಕೆಳಮಟ್ಟದ ಸದ್ದುಗಳನ್ನೂ ನಾನು ಎರಡನೆಯ ಶತಮಾನದ ಗ್ರೀಕ್ ರಂಗಭೂಮಿಯ ಪ್ರಭಾವ ಎಂದೇ ಭಾವಿಸಿದೆ.

ಆ ಮಕ್ಕಳು ನನ್ನ ನಿಜವಾದ ಓದುಗರಾದದ್ದು ಮಾತ್ರ ಒಂದು ನಾಯಿಯಿಂದ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ ನಾಲ್ಕು ಸಾಲಿಗೆ ಬಗ್ಗಲಿಲ್ಲ. ಅದನ್ನು ಧಾರಾವಾಹಿ ಮಾಡಬೇಕಾಯಿತು. ಮೊದಲ ದಿನ ಯುದ್ಧ. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಕಾಳಗ, ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ಅಂದು ಬಹಳ ಚೆನ್ನಾಗಿ ಕಾದಿದ್ದ. ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದ. ಅಲ್ಲಿಗೆ ನಿಲ್ಲಿಸಿದೆ. ಎರಡನೇ ದಿನ ಬೆಳಗ್ಗೆ ಹಾಲಿನವನೂ ಸೇರಿ ಐದಾರು ಜನ ಹಲಗೆಯ ಮುಂದೆ ಇದ್ದರು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೂತುಗ ಕೊಟ್ಟ. ಮೂರನೇ ದಿನ ಬೇಟೆ. ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಇದು ನಡೆದದ್ದು 949-50ರ ಸುಮಾರಿಗೆ.

ಈ ಕಥೆ ಹೇಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಮಣಲೆರ ಊರು ಬೇಡ, ಹೊನ್ನು ಬೇಡ, ನಾಯಿ ಸಾಕು ಎಂದನಂತೆ ಎಂದು ಅವನನ್ನು ವೈರಾಗ್ಯಮೂರ್ತಿ ಮಾಡುತ್ತಾರೆ. ಕಲ್ಲು ಹಾಗೆ ಹೇಳುವುದಿಲ್ಲ. ಅವನಿಗೆ ‘ಆತಕೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪೂ ಬೆಳ್ವೊಲ ನಾಡಿನ ಒಂದು ಊರೂ ಸಿಕ್ಕಿದವು ಎಂದು ಅದೇ ಕಲ್ಲು ಹೇಳುತ್ತದೆ. ನನಗೆ ಊರು ಸಿಕ್ಕ ಮಣಲೆರನೇ ಇಷ್ಟ. ಊರು ಇದ್ದವನು ನಾಯಿಗೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ. ಶಾಸನದ ಕೊನೆಯ ಶಾಪಗಳಲ್ಲಿ ಸಾಮಾನ್ಯವಾಗಿ ಕಾಶಿ ಬರುತ್ತದೆ, ಕವಿಲೆ ಬರುತ್ತದೆ. ಇಲ್ಲಿ ಬಂದದ್ದು ನಾಯಿ. ನಮ್ಮ ಕಾವಲುಗಾರ ರಾಯಚೂರು ಕಡೆಯವನು. ಓದಿ ಮುಗಿಸಿ, “ಹಂಗಾರ ಈಗೂ ಪೂಜಾ ನಡೀತೈತೇನ್ರೀ?” ಎಂದ. ಕಲ್ಲು ಈಗ ಆತಕೂರಿನಲ್ಲಿಲ್ಲ, ಇಲ್ಲೇ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ ಎಂದೆ. “ಅಂದ್ರ ಅಲ್ಲಿ ಸಾಹೇಬ್ರು ಪೂಜಾ ಮಾಡ್ದ ಉಂಡ್ರ?” ಅವನಿಗೆ ನಿಜವಾದ ಕಳವಳವಿತ್ತು.

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸದೆ ವಿಧಿಯಿರಲಿಲ್ಲ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ, ಹಂದಿಗಳನ್ನು ಎದುರುಬದುರಾಗಿ ಕೆತ್ತಿದ್ದಾರೆ, ಸುತ್ತ ಒತ್ತೊತ್ತಾಗಿ ಅಕ್ಷರ. ನಮ್ಮ ಇಂದಿನ ಕನ್ನಡ ಓದುವವರಿಗೆ ಅಲ್ಲೊಂದು ಇಲ್ಲೊಂದು ಅಕ್ಷರ ಗುರುತು ಸಿಕ್ಕೀತು. ತಲೆಕಟ್ಟು ಹತ್ತಿಯ ಎಳೆಯಂತೆ ಮೇಲೆ ಮಲಗಿರುತ್ತದೆ, ಅದನ್ನು ಹಿಡಿದುಕೊಂಡು ಕೆಳಗಿಳಿದರೆ ರಕಾರ, ಗಕಾರಗಳು ನಿಧಾನವಾಗಿ ಮುಖ ತೋರಿಸುತ್ತವೆ. ಐದನೇ ತರಗತಿಯ ಹುಡುಗಿಯೊಬ್ಬಳು ಹತ್ತು ನಿಮಿಷ ಹೋರಾಡಿ ಒಂದು ‘ಗ’ ಹಿಡಿದಳು. ಅದು ಯಾವ ಪದದ ಗಕಾರ ಎಂಬುದು ಅವಳಿಗೂ ಮುಖ್ಯವಾಗಿರಲಿಲ್ಲ, ನನಗೂ ಆಗಿರಲಿಲ್ಲ. ಅವಳ ತಮ್ಮನಿಗೆ ಒಂದೇ ಯೋಚನೆ: “ನಾಯಿ ಗೆದ್ದಿತಾ, ಹಂದಿ ಗೆದ್ದಿತಾ?” ಎರಡೂ ಸತ್ತವು ಎಂದು ಎಷ್ಟು ಹೇಳಿದರೂ ಅವನಿಗೆ ಸಮಾಧಾನವಿಲ್ಲ. “ಮೊದಲು ಯಾವುದು ಸತ್ತಿತು?” ಶಾಸನ ಅಷ್ಟು ವಿವರಕ್ಕೆ ಹೋಗಿಲ್ಲ.

ಗಲಾಟೆ ಶುರುವಾದದ್ದು ಧಾರಾವಾಹಿಯ ನಾಲ್ಕನೇ ದಿನ, ಕಲ್ಲಿನ ಪೂಜೆಗೆ ಬಿಟ್ಟ ಆ ಎರಡು ಖಂಡುಗದಿಂದ. ಒಬ್ಬ ಹುಡುಗ ಅದನ್ನೋದಿ, “ಅಂಕಲ್, ಅದರಲ್ಲಿ ಎಷ್ಟು ಸೈಟು ಆಗುತ್ತೆ?” ಎಂದ. ಬೆಂಗಳೂರಿನ ಮಗು ಕೇಳಬೇಕಾದ ಪ್ರಶ್ನೆಯೇ. ಖಂಡುಗ ಎಂದರೆ ಕಾಳಿನ ಅಳತೆ. ಅಷ್ಟು ಬೀಜ ಬಿತ್ತುವ ನೆಲಕ್ಕೂ ಅದೇ ಹೆಸರು. ಬೀಜವನ್ನು ಗದ್ದೆಗೆ ಒತ್ತಾಗಿ ಹಾಕುತ್ತಾರೆ, ಹೊಲಕ್ಕೆ ವಿರಳವಾಗಿ. ಹಾಗಾಗಿ ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬಲ್ಲಿಗೆ ಅಜ್ಜಿಯೂ ನಾನೂ ಒಪ್ಪಿದೆವು. ನಾಲ್ಕು ಪಾವಿಗೆ ಒಂದು ಸೇರು ಎಂಬಲ್ಲಿಗೂ ಒಪ್ಪಿದೆವು. ನಡುವೆ, ಕೊಳಗಕ್ಕೆ ಎಷ್ಟು ಸೇರು ಎಂಬಲ್ಲಿ ಗಾಡಿ ನಿಂತಿತು. ಅಜ್ಜಿ ಹದಿನಾರು ಎಂದರು, ಮೂರನೇ ಮಹಡಿಯ ಮಿತ್ರರು ನಾಲ್ಕು ಎಂದರು. ಉಡುಪಿ ಕಡೆಯವರು ಬಂದು, ಕೊಳಗವೆಲ್ಲ ಯಾಕೆ, ಹದಿನಾಲ್ಕು ಸೇರಿಗೆ ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಸುಲಭ ಎಂದರು. ಮಡಿಕೇರಿಯ ದಂಪತಿ ಭಟ್ಟಿ ತೆಗೆದರು. ಕಾವಲುಗಾರ ಚೀಲದ ಲೆಕ್ಕ ಹೇಳಿದ.

ಎಲ್ಲರೂ ಸರಿಯೇ. ಒಂದೊಂದು ಸೀಮೆಗೆ ಒಂದೊಂದು ಕೊಳಗ. ಅದರಲ್ಲೂ ತಲೆ ಸವರಿ ಅಳೆದರೆ ಒಂದು, ಗೋಪುರವಾಗಿ ತುಂಬಿ ಅಳೆದರೆ ಇನ್ನೊಂದು. ಸಾಲ ಕೊಡುವಾಗ ಬೋಳು ಅಳತೆ, ವಸೂಲಿಯಲ್ಲಿ ಗೋಪುರ ಎಂಬ ಸಾಹುಕಾರರ ಗಣಿತವೂ ಇತ್ತು. ಸರ್ಕಾರ 1957ರ ಏಪ್ರಿಲ್‌ನಲ್ಲಿ ಆಣೆಯನ್ನು ನಯಾಪೈಸೆ ಮಾಡಿತು, ಮರುವರ್ಷದಿಂದ ಸೇರು, ಮಣಗಳನ್ನು ಕಿಲೋಗ್ರಾಂ ಮಾಡುತ್ತಾ ಬಂತು. ಅಂಗಡಿಗಳಿಂದ ಅವು ಹೋದವು. ಅಜ್ಜಿಯ ಅಡುಗೆಮನೆಯಿಂದ ಹೋಗಲಿಲ್ಲ. ಮೇಲೆ ಹೋಗಿ ಒಂದು ಹಿತ್ತಾಳೆ ಪಾವು ತಂದರು. ಅಂಚು ಸವೆದು ಚೂಪಾಗಿತ್ತು. ತಳದಲ್ಲಿ ಯಾವುದೋ ಹಳೆಯ ಮುದ್ರೆ, ಅರ್ಧ ಅಳಿಸಿದ್ದು. ನಾನು ಕನ್ನಡಕ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ಓದಲು ನೋಡುತ್ತಿದ್ದರೆ, “ಅದು ಅಳೆಯೋಕೆ ಇರೋದು, ಓದೋಕಲ್ಲ” ಎಂದು ಕಿತ್ತುಕೊಂಡರು.

ನಾಲ್ಕು ಸಾಲು ಮುಗಿದು ಬಹಳ ಹೊತ್ತಾಗಿತ್ತು. ಹದಿನಾರು, ನಾಲ್ಕು, ಕಳಸಿಗೆ, ಭಟ್ಟಿ ಎಲ್ಲವೂ ಬೇರೆ ಬೇರೆ ಕೈಬರಹದಲ್ಲಿ ಮೇಲಕ್ಕೆ ಹತ್ತುತ್ತಾ ಸಂಘದ ಅರ್ಧಕ್ಕೆ ನುಗ್ಗಿದ್ದವು. ಅಷ್ಟರಲ್ಲಿ ಕಾರ್ಯದರ್ಶಿಗಳು ಟ್ಯಾಂಕರಿನ ಸಮಯ ಬರೆಯಲು ಒದ್ದೆ ಬಟ್ಟೆ ಹಿಡಿದು ಬಂದರು. ನಾವೆಲ್ಲ ಸ್ವಲ್ಪ ಹಿಂದೆ ಸರಿದೆವು. ಅವರು ಹಲಗೆಯನ್ನು ಮೇಲಿಂದ ಕೆಳಗೆ ಓದಿದರು. ಬಟ್ಟೆಯನ್ನು ಎಡಗೈಗೆ ದಾಟಿಸಿದರು.

“ನಮ್ಮ ತಿಪಟೂರು ಕಡೆ ಕೊಳಗಕ್ಕೆ ಎಂಟು ಸೇರು,” ಎಂದರು. “ಯಾರ್ರೀ ಹದಿನಾರು ಬರೆದದ್ದು?”

ಸೀಮೆಸುಣ್ಣ ಅವರ ಕೈಗೆ ಕೊಟ್ಟೆ.